ಎಡಗೈ ಪಿಚ್ಚರ್‌ಗೆ ನಮ್ಮತ್ತೆಯ ಬಲಗೈ ಪಾಠ

ನಮ್ಮನೆಗೆ ಯಾರಾದರೂ ಬಂದು, ಸುಮ್ಮನೆ ಇದ್ದು, ಸುಮ್ಮನೆ ಹೋದ ಉದಾಹರಣೆ ಇಲ್ಲ. ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಕೂಡ ಒಂದು ಪ್ರಸಂಗ ಬಿಟ್ಟೇ ಹೋಗುತ್ತಾನೆ. ಅಮೆರಿಕದ ಫೇರ್‌ಫ್ಯಾಕ್ಸ್‌ನ ಈ ಹಳೇ ಬಡಾವಣೆಯಲ್ಲಿ ಅಕ್ಕಪಕ್ಕದವರಿಗೂ ಅತಿಥಿಗಳು ಬರುತ್ತಾರೆ. ಆದರೆ ಅವರ ಮನೆಗಳಲ್ಲಿ ನಮ್ಮತ್ತೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅತ್ತೆ ಧಾರವಾಡದವರು, ನಾನು ಮೈಸೂರಿನವಳು. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹಾಗಾಗಿ ಅತ್ತೆ ಆರು ತಿಂಗಳ ವೀಸಾದಲ್ಲಿ ಬಂದಿದ್ದ ಆ ಬೇಸಿಗೆಯಲ್ಲಿ ಏನೇನಾಯಿತೋ ಎಲ್ಲವೂ ನನಗೆ ಸಾಲಾಗಿ ನೆನಪಿದೆ.

ಬಾಗಿಲಿಗಿಂತ ಎತ್ತರ

ನಮ್ಮ ಕಡೆ ಬೇಸಿಗೆ ರಜದಲ್ಲಿ ಕಾಲೇಜು ಹುಡುಗರ ಬೇಸ್‌ಬಾಲ್ ಲೀಗ್ ನಡೆಯುತ್ತದೆ. ಎಲ್ಲೆಲ್ಲಿಂದಲೋ ಆಟಗಾರರು ಬರುತ್ತಾರೆ. ಅವರಿಗೆ ಹೋಟೆಲ್ಲೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಊರಿನವರೇ ಒಬ್ಬೊಬ್ಬರನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕಬೇಕು. ಹಿಂದೆ ಓದುವ ಹುಡುಗರಿಗೆ ವಾರಾನ್ನ ಹಾಕುತ್ತಿದ್ದರಲ್ಲ, ಅದರ ಅಮೆರಿಕನ್ ಅವತಾರ. ಒಂಬತ್ತನೇ ಗ್ರೇಡಿನಲ್ಲಿದ್ದ ನನ್ನ ಮಗಳಿಗೆ ಬೇಸ್‌ಬಾಲ್ ಹುಚ್ಚು. ನಮ್ಮನ್ನು ಒಂದು ಮಾತೂ ಕೇಳದೆ ನಮ್ಮನೆ ಹೆಸರು ಕೊಟ್ಟು ಬಂದಿದ್ದಳು.

"ಅಮ್ಮ, ಬೇಸ್‌ಮೆಂಟ್ ಖಾಲಿ ಇದೆ. ಇಟ್ಸ್ ನಾಟ್ ಎ ಬಿಗ್ ಡೀಲ್."

ಬಂದವನು ಅಟ್ಲಾಂಟಾದ ಆಚೆ ಯಾವುದೋ ಪುಟ್ಟ ಊರಿನ ಹುಡುಗ. ರಾಲಿಯ ಹತ್ತಿರದ ಸಣ್ಣ ಕಾಲೇಜೊಂದರಲ್ಲಿ ಓದುತ್ತಿದ್ದ. ಪಿಚ್ಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವನು. ಎಷ್ಟು ಎತ್ತರ ಅಂದರೆ, ಬಾಗಿಲಿನ ತೋರಣವನ್ನು ಹಣೆಗೆ ಸಿಕ್ಕಿಸಿಕೊಂಡೇ ಒಳಗೆ ಬಂದ. "ಸಾರಿ, ಮ್ಯಾಮ್" ಎಂದು ಅದನ್ನು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಾಗ ಅತ್ತೆ ಹೊರಗೆ ಬಂದು ನೋಡಿದರು.

"ಅಯ್ಯ, ಬಾಸಿಂಗಾ ಕಟ್ಟಿಕೊಂಡೇ ಬಂದಾನಲ್ಲ!"

ಮಗಳು ಅಜ್ಜಿಗೆ ವಿಷಯ ವಿವರಿಸಲು ಕೂತಳು. "ಅಜ್ಜಿ, ನೆಕ್ಸ್ಟ್ ಜೂನ್ ಡ್ರಾಫ್ಟ್ ಇದೆ. ದೊಡ್ಡ ಟೀಮ್‌ಗಳು ಕಾಲೇಜ್ ಹುಡುಗರನ್ನ ಒಬ್ಬೊಬ್ಬರಾಗಿ ಪಿಕ್ ಮಾಡ್ತವೆ. ಪಿಕ್ ಆದ್ರೆ ಆಟಾನೇ ಅವನ ಕೆಲಸ. ಈಗ ಸಮ್ಮರಲ್ಲಿ ಆ ಟೀಮ್‌ಗಳ ಸ್ಕೌಟ್ಸ್ ಬರ್ತಾರೆ, ನೋಡಕ್ಕೆ."

"ನೋಡಲಿಕ್ಕೆ ಅಂದ್ರ, ಏನು ನೋಡ್ತಾರ?"

"ಹೈಟು, ವೇಟು, ಕೈ, ಕಾಲು. ಹೇಗೆ ನಡೀತಾನೆ, ಹೇಗೆ ಮಾತಾಡ್ತಾನೆ. ಫ್ಯಾಮಿಲಿ ಹೇಗೆ..."

"ಹೆಣ್ಣು ನೋಡೂ ಶಾಸ್ತ್ರ ಅನ್ನು. ಜಾತಕಾ?"

"ಡೇಟ್ ಆಫ್ ಬರ್ತ್ ಕೇಳ್ತಾರೆ."

"ಮತ್ತೇನು ಉಳೀತು!" ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಚಿಂತಿ ಮಾಡಬ್ಯಾಡಂತ ಹೇಳು ಅವಂಗ. ನನ್ನ ನಾದಿನಿಯರ ಲಗ್ನಾ ಎಲ್ಲಾ ನಾನೇ ಕುದುರಿಸೇನಿ. ಇವನ್ನೂ ದಾಟಿಸ್ತೀನಿ."

ಹುಡುಗ ಮಗಳ ಕಡೆ ನೋಡಿದ. ಅವಳು ಇಷ್ಟನ್ನೂ ಒಂದೇ ಸಾಲಿಗೆ ಇಳಿಸಿದಳು: "ಅಜ್ಜಿಗೆ ಇದರಲ್ಲಿ ಎಕ್ಸ್‌ಪೀರಿಯೆನ್ಸ್ ಇದೆಯಂತೆ."

ಅವನಿಗೆ ನಿಜವಾಗಿಯೂ ಸಮಾಧಾನವಾದಂತೆ ಕಂಡಿತು.

ಯಾವ ಕೈ

ಮೊದಲ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಸಾರು. ಹುಡುಗ ಎಲ್ಲವನ್ನೂ ಗೌರವದಿಂದ ನೋಡಿದ, ಕಣ್ಣು ಮುಚ್ಚಿ ತನ್ನ ದೇವರನ್ನು ನೆನೆದ, ಆಮೇಲೆ ಎಡಗೈಯಲ್ಲಿ ರೊಟ್ಟಿ ಎತ್ತಿಕೊಂಡ. ಅತ್ತೆಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ತಮ್ಮಾ! ಬಲಗೈ!"

"ಅಜ್ಜಿ, ಅವನು ಲೆಫ್ಟಿ," ಮಗಳು ಗಾಬರಿಯಾದಳು. "ದಟ್ಸ್ ದ ಹೋಲ್ ಪಾಯಿಂಟ್. ಎಡಗೈ ಪಿಚ್ಚರ್ಸ್ ತುಂಬಾ ಕಡಿಮೆ. ಸ್ಕೌಟ್ಸ್ ಬರೋದೇ ಆ ಕೈ ನೋಡಕ್ಕೆ."

"ಚೆಂಡು ಒಗೀಲಿ. ಯಾರು ಬ್ಯಾಡಂದ್ರು? ಒಗಿಯೂದು ಬ್ಯಾರೆ, ಉಣ್ಣೂದು ಬ್ಯಾರೆ. ನಾಳೆ ನೋಡಲಿಕ್ಕೆ ಬಂದವರ ಮುಂದ ಹಿಂಗ ಎಡಗೈಲೆ ಉಂಡ್ರ, ಮನ್ಯಾಗ ಹಿರಿಯರು ಏನೂ ಕಲಿಸಿಲ್ಲ ಅಂತ ಎದ್ದು ಹೋಗ್ತಾರ."

ಹುಡುಗನಿಗೆ ಅವರಮ್ಮ ಊರಿಂದ ಹೊರಡುವಾಗ ಒಂದೇ ಬುದ್ಧಿಮಾತು ಹೇಳಿ ಕಳಿಸಿದ್ದರಂತೆ: ಯಾರ ಮನೆಯಲ್ಲಿರುತ್ತೀಯೋ ಆ ಮನೆಯ ಹಿರಿಯ ಹೆಂಗಸಿನ ಮಾತು ಮೀರಬೇಡ. ಅವನು ಸೌಟನ್ನು ನೋಡಿದ, ಅತ್ತೆಯ ಮುಖ ನೋಡಿದ, "ಯೆಸ್, ಮ್ಯಾಮ್" ಎಂದು ರೊಟ್ಟಿಯನ್ನು ಬಲಗೈಗೆ ವರ್ಗಾಯಿಸಿದ. ಅವತ್ತು ಸಾರು ಅವನ ಹೊಟ್ಟೆಗಿಂತ ಅಂಗಿಗೇ ಹೆಚ್ಚು ಹೋಯಿತು. ಆದರೆ ಹುಡುಗ ಛಲಗಾರ. ಒಂದೇ ಎಸೆತವನ್ನು ದಿನವಿಡೀ ಅಭ್ಯಾಸ ಮಾಡುವ ಜಾತಿ. ಮಾರನೇ ದಿನದಿಂದ ಬಲಗೈಗೆ ತರಬೇತಿ ಶುರುವಾಯಿತು. ಚಮಚ ಹಿಡಿಯುವುದು, ಲೋಟ ಎತ್ತುವುದು, ಬಾಗಿಲು ತೆಗೆಯುವುದು, ಅತ್ತೆ ಕೊಟ್ಟ ತೀರ್ಥ ತೆಗೆದುಕೊಳ್ಳುವುದು, ಎಲ್ಲಾ ಬಲಗೈ.

ನಾನು ಒಮ್ಮೆ ಅಡ್ಡಬಂದೆ. "ಅತ್ತೆ, ಪಾಪ, ಬಿಡಿ. ಈ ಕಾಲದಲ್ಲಿ ಅದನ್ನೆಲ್ಲ ಯಾರೂ ನೋಡಲ್ಲ."

"ನಿನ್ನ ನೋಡಲಿಕ್ಕೆ ಬಂದಾಗ ನಾ ನೋಡಿದ್ದೆ."

"ಏನನ್ನ?"

"ಯಾವ ಕೈಲೆ ಕಾಫಿ ಕೊಟ್ಟಿ ಅಂತ."

ಇಷ್ಟು ವರ್ಷ ನಾನು ನನ್ನ ಬಿ.ಇ. ಡಿಗ್ರಿ ನೋಡಿ ಒಪ್ಪಿದರು ಅಂದುಕೊಂಡಿದ್ದೆ.

ಬಿಳಿ ಗೆರೆ, ಕೊಳಕು ಕಾಲುಚೀಲ

ಮೊದಲ ಮ್ಯಾಚಿಗೆ ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಹೋಗಿ, ಮಡಚುವ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆವು. ಎದುರಿಗೆ ಹ್ಯಾಟು ಹಾಕಿಕೊಂಡ ಕೆಲವು ಗಂಡಸರು ವೇಗ ಅಳೆಯುವ ಗನ್ ಹಿಡಿದು ಕೂತಿದ್ದರು.

"ಪೊಲೀಸರು ಯಾಕ ಬಂದಾರ?"

"ಪೊಲೀಸಲ್ಲ ಅಜ್ಜಿ, ಅವರೇ ಸ್ಕೌಟ್ಸ್. ಬಾಲ್ ಎಷ್ಟು ಫಾಸ್ಟ್ ಅಂತ ಅಳೀತಾರೆ."

ಅತ್ತೆ ತಕ್ಷಣ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಬೀಗರ ಕಡೆಯವರು!

ಈ ದೇಶಕ್ಕೆ ಬಂದಾಗಿನಿಂದ ಅತ್ತೆಯದು ಒಂದೇ ದೂರು: ಇಲ್ಲಿನವರಿಗೆ ಶಾಸ್ತ್ರ ಇಲ್ಲ, ಸಂಪ್ರದಾಯ ಇಲ್ಲ. ಅಷ್ಟರಲ್ಲಿ ನಮ್ಮ ಹುಡುಗ ಮೈದಾನಕ್ಕೆ ಬಂದ. ಅಂಚಿನಲ್ಲಿ ಎಳೆದಿದ್ದ ಬಿಳಿ ಗೆರೆಯ ಹತ್ತಿರ ಬಂದವನು ಅದನ್ನು ತುಳಿಯದೆ, ಕಾಲೆತ್ತಿ ದಾಟಿ ಹೋದ. ಅವನ ಹಿಂದೆ ಬಂದವನೂ ಹಾಗೇ. ಅವನ ಹಿಂದಿನವನಂತೂ ಹಾರಿಯೇ ಬಿಟ್ಟ.

"ನೋಡವಾ, ಹೊಸ್ತಿಲಾ ತುಳೀಲಿಲ್ಲ," ಎಂದರು ಅತ್ತೆ, ನನ್ನ ತೊಡೆಗೆ ಒಂದು ಕೊಟ್ಟು. ನಾನು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೊಸ್ತಿಲು ತುಳಿಯುವವಳು.

ಆಟ ಸಾಗಿತು. ಹುಡುಗ ಅವತ್ತು ಎದುರಾಳಿಗಳಿಗೆ ಚೆಂಡು ಮುಟ್ಟಲೂ ಬಿಡಲಿಲ್ಲ. ನಡುವೆ ಬೆಂಚಿಗೆ ಬಂದು ಕೂತರೆ ಜೊತೆಯವರೆಲ್ಲ ದೂರ ಸರಿದರು. ಒಬ್ಬನೂ ಮಾತಾಡಿಸಲಿಲ್ಲ, ಒಬ್ಬನೂ ಹತ್ತಿರ ಕೂರಲಿಲ್ಲ.

"ಯಾಕ, ಜಗಳಾ ಮಾಡ್ಯಾರೇನು?"

"ಇಲ್ಲ ಅಜ್ಜಿ. ಪಿಚ್ಚರ್ ತುಂಬಾ ಚೆನ್ನಾಗಿ ಆಡ್ತಿದ್ರೆ ಯಾರೂ ಅವನನ್ನ ಮುಟ್ಟಲ್ಲ, ಮಾತಾಡ್ಸಲ್ಲ. ಬ್ಯಾಡ್ ಲಕ್."

"ಮಡಿ," ಎಂದು ಅತ್ತೆ ತಲೆಯಾಡಿಸಿದರು.

ಗೆದ್ದ ಮೇಲೆ ಇನ್ನೊಂದು ಶುರುವಾಯಿತು. ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಒಗೆಯಬಾರದಂತೆ, ಒಗೆದರೆ ಅದೃಷ್ಟ ತೊಳೆದುಹೋಗುತ್ತದಂತೆ. ವಾರಗಳು ಕಳೆದಂತೆ ಆ ಕಾಲುಚೀಲ ಲಾಂಡ್ರಿ ರೂಮಿನ ಮೂಲೆಯಲ್ಲಿ ತಾನೇ ನಿಂತುಕೊಳ್ಳುವಷ್ಟು ಗಟ್ಟಿಯಾಯಿತು. ನಾನು ಮೂಗು ಮುಚ್ಚಿಕೊಂಡು ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಲು ಹೋದೆ. ಅತ್ತೆ ಕೈ ಹಿಡಿದರು.

"ಮುಟ್ಟಬ್ಯಾಡ. ಅದು ಅವನ ಮಡಿ."

ಅಲ್ಲಿಂದ ಮುಂದೆ ಲಾಂಡ್ರಿ ರೂಮಿನ ಒಂದು ಮೂಲೆಯಲ್ಲಿ ಯಾರೂ ಮುಟ್ಟಬಾರದ ಅತ್ತೆಯ ಮಡಿಸೀರೆ, ಇನ್ನೊಂದು ಮೂಲೆಯಲ್ಲಿ ಯಾರೂ ಮುಟ್ಟಲಾಗದ ಆ ಕಾಲುಚೀಲ. ನಡುವೆ, ಮೈಲಿಗೆ ಬಟ್ಟೆಗಳ ಬುಟ್ಟಿ ಹಿಡಿದು, ಎಂಜಿನಿಯರಿಂಗ್ ಓದಿದ ನಾನು.

ಹಬ್ಬಿದ ಸುದ್ದಿ

ಜುಲೈ ಮುಗಿಯುತ್ತ ಬಂತು. ಮ್ಯಾಚಿನಲ್ಲಿ ತಿಂಡಿ ಅಂಗಡಿಗೆ ಕೈಜೋಡಿಸಲು ಹೋಗಿದ್ದ ಮಗಳು ಒಂದು ಸಂಜೆ ಏದುಸಿರು ಬಿಡುತ್ತ ಬಂದಳು.

"ಅಮ್ಮ, ಇಟ್ಸ್ ಬ್ಯಾಡ್. ಸ್ಕೌಟ್ಸ್ ಮಾತಾಡ್ತಿದ್ರು. ಅವನ ಎಡಗೈ ಎಲ್ಬೋ ಹೋಗಿದೆ, ಹೈಡ್ ಮಾಡ್ತಿದ್ದಾನೆ ಅಂತೆ!"

"ಯಾಕೆ ಹಾಗಂದ್ರು?"

"ಅವನು ನೀರು ಕುಡಿಯೋದು ಬಲಗೈಲಿ. ಬ್ಯಾಗ್ ಎತ್ತೋದು ಬಲಗೈಲಿ. ನಿನ್ನೆ ಚಿಕ್ಕ ಮಕ್ಕಳು ಆಟೋಗ್ರಾಫ್ ಕೇಳಿದ್ರೆ ಬಲಗೈಲಿ ಹಾಕಿಕೊಟ್ಟ. ಲೆಫ್ಟಿ ಯಾಕೆ ಬಲಗೈಲಿ ಬರೀತಾನೆ? ಕೈ ನೋವು ಇದೆ, ಅದಕ್ಕೇ, ಅಂತಾರೆ."

ಅದರ ಅರ್ಥ ಏನು ಅಂತ ಅವಳೇ ಬಿಡಿಸಿ ಹೇಳಿದಳು. ಬೇಸಿಗೆಯಲ್ಲಿ ಸ್ಕೌಟುಗಳು ಯಾರ ಹೆಸರು ಹಿಡಿದುಕೊಂಡು ಹೋಗುತ್ತಾರೋ ಅವರನ್ನೇ ಮುಂದಿನ ಜೂನ್‌ವರೆಗೆ ಹಿಂಬಾಲಿಸುತ್ತಾರೆ. ಇವನದು ಸಣ್ಣ ಕಾಲೇಜು. ಅಲ್ಲಿಗೆ ಯಾರೂ ತಾವಾಗಿ ಬಂದು ನೋಡುವುದಿಲ್ಲ. ಮೊಣಕೈ ಕೆಟ್ಟಿದೆ ಎಂಬ ಮಾತು ಒಮ್ಮೆ ಅಂಟಿದರೆ ಮುಗಿಯಿತು. ಮೈದಾನದಲ್ಲಿ ಎಸೆದು ತೋರಿಸೋಣ ಎಂದರೆ, ಅವನು ಎಸೆಯಬೇಕಿದ್ದ ಕೊನೆಯ ಮ್ಯಾಚು ಮಳೆ ಸುರಿದು ಮೊದಲೇ ರದ್ದಾಗಿ ಕೂತಿತ್ತು.

ಇಂಥ ಸಮಸ್ಯೆಯ ಮೂಲ ಹುಡುಕುವುದೇ ನನ್ನ ವೃತ್ತಿ. ಈ ಸಲ ದೂರ ಹೋಗಬೇಕಾಗಲಿಲ್ಲ. ಮೂಲ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯುತ್ತಿತ್ತು.

ಹುಡುಗ ಬೇಸ್‌ಮೆಂಟಿನಲ್ಲಿ ಸುಮ್ಮನೆ ಚೆಂಡನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದ. ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಹತ್ತಿರ ಕೂತು ಹೇಳಿದೆ, "ನೋಡು, ಇವತ್ತಿನಿಂದ ಎಲ್ಲರೆದುರಿಗೆ ಎಡಗೈಯಲ್ಲಿ ತಿನ್ನು. ಅತ್ತೆಗೆ ನಾನು ಹೇಳ್ತೀನಿ."

"ಆಗಲ್ಲ, ಮ್ಯಾಮ್."

"ಯಾಕೆ?"

"ಅಜ್ಜಿಗೆ ಮಾತು ಕೊಟ್ಟಿದ್ದೀನಿ. ಅಲ್ಲದೆ, ಬಲಗೈಯಲ್ಲಿ ತಿನ್ನಕ್ಕೆ ಶುರು ಮಾಡಿದ ಮೇಲೆ ನಾನು ಒಂದು ಮ್ಯಾಚೂ ಸೋತಿಲ್ಲ. ಈಗ ಬದಲಾಯಿಸಿದರೆ..." ಎಂದು ಲಾಂಡ್ರಿ ರೂಮಿನ ಕಡೆ ನೋಡಿದ. ಕಾಲುಚೀಲದ ಪಕ್ಕಕ್ಕೆ ಬಲಗೈಯೂ ಹೋಗಿ ಕೂತಿತ್ತು ಅಂತ ನನಗೆ ಆಗ ಅರ್ಥವಾಯಿತು.

ಮೇಲೆ ಬಂದು ಅತ್ತೆಗೆ ಹೇಳಿದೆ. "ಅತ್ತೆ, ಹುಡುಗನ ಎಡಗೈ ಕೆಟ್ಟುಹೋಗಿದೆ ಅಂತ ಸುದ್ದಿ ಹಬ್ಬಿದೆ. ಅದು ಹೇಗೆ ಹಬ್ಬಿತು ಅಂದರೆ..."

ನನ್ನನ್ನು ಮುಗಿಸಲು ಬಿಡಲಿಲ್ಲ. "ಹೆಂಗಂದ್ರ? ಕೂಡಿ ಬರೂ ಹೊತ್ತಿನ್ಯಾಗ ಇಂಥಾ ಮಾತು ಹಬ್ಬಿಸೋರು ಎಲ್ಲಾ ಊರಾಗೂ ಇರ್ತಾರ. ಆ ಇನ್ನೊಬ್ಬ ಎಡಚನ್ನ ಮನ್ಯಾಗ ಇಟ್ಟುಕೊಂಡಾಳಲ್ಲ, ಕೆಂಪು ಕಾರಿನಾಕಿ, ಅಕಿ ಮ್ಯಾಲೆ ನನಗ ಮೊದಲಿಂದೂ ಡೌಟು!"

ಉಪ್ಪಿಟ್ಟು-ಶಿರಾ

ಎರಡು ದಿನ ಬಿಟ್ಟು ಒಬ್ಬ ಸ್ಕೌಟ್ ಫೋನ್ ಮಾಡಿದರು. ಷಾರ್ಲಟ್ ಎಂಬ ಊರಿನವರಂತೆ. "ವಾಪಸು ಹೋಗುವ ಮೊದಲು ಹುಡುಗನನ್ನು ಒಮ್ಮೆ ನೋಡಬೇಕು. ಅವನನ್ನು ಮನೆಯಲ್ಲಿಟ್ಟುಕೊಂಡವರ ಜೊತೆಯೂ ಮಾತಾಡಬೇಕು. ನಿಮ್ಮನೆಗೆ ಬರಬಹುದಾ?"

ಅತ್ತೆಗೆ ಹೇಳಿದ್ದೇ ತಡ, ರವೆ ಹುರಿಯುವ ವಾಸನೆ ಬಂತು. ಉಪ್ಪಿಟ್ಟು, ಶಿರಾ. ಇಳಕಲ್ ಸೀರೆ ಹೊರಗೆ ಬಂತು. ಹುಡುಗನಿಗೆ ತಲೆ ಬಾಚಿಸಿ, ಒಳಗೆ ಇರಬೇಕು, ಕರೆದಾಗ ಮಾತ್ರ ಕಾಫಿ ತರಬೇಕು ಎಂದು ಅಪ್ಪಣೆಯಾಯಿತು. ನಮ್ಮವರು "ಅಮ್ಮ, ಇದು ಕ್ರಿಕೆಟ್ಟಿನ ಸೆಲೆಕ್ಷನ್ ಥರ ಅಷ್ಟೇ" ಎಂದು ಏನೋ ಹೇಳಹೋದರು. ಅವರಿಗೂ ಷರ್ಟು ಬದಲಿಸುವ ಅಪ್ಪಣೆಯಾಯಿತು.

ನನಗೆ ಬೇರೆಯದೇ ಪಾಠ. "ಕೇಳು. ಬರೇ ಹೊಗಳಿದ್ರ ಅವರು ನಂಬಂಗಿಲ್ಲ. ಎಲ್ಲಾ ಛಲೋ ಹೇಳಿ, ಕಡೀಕ ಒಂದು ಸಣ್ಣ ಐಬು ಹೇಳಬೇಕು. ಆವಾಗ ಉಳಿದದ್ದೆಲ್ಲಾ ಖರೇ ಅನಸ್ತದ."

ಸ್ಕೌಟ್ ಅರವತ್ತರ ಹತ್ತಿರದ, ಬಿಸಿಲಿಗೆ ಕೆಂಪಗಾದ ಮನುಷ್ಯ. ಸೋಫಾದಲ್ಲಿ ಕೂತು, ಶಿರಾವನ್ನು ಅನುಮಾನದಿಂದ ಒಂದು ಚಮಚ ತಿಂದು, ಆಮೇಲೆ ಅನುಮಾನವಿಲ್ಲದೆ ತಿನ್ನತೊಡಗಿದರು. "ಹುಡುಗ ಹೇಗೆ?" ಎಂದು ಕೇಳಿದರು.

ಅತ್ತೆ ಹೇಳಿದರು, ನಾನು ಅನುವಾದಿಸಿದೆ. ಬೆಳಿಗ್ಗೆ ತಾನೇ ಏಳುತ್ತಾನೆ. ತಟ್ಟೆ ತಾನೇ ತೊಳೆಯುತ್ತಾನೆ. ಎದುರು ಮಾತಾಡುವುದಿಲ್ಲ. ಕುಡಿತ ಇಲ್ಲ. ಹೊಸ್ತಿಲು ತುಳಿಯುವುದಿಲ್ಲ. ಸ್ಕೌಟ್ ತಲೆಯಾಡಿಸುತ್ತಿದ್ದರು. ಎಲ್ಲಾ ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಅತ್ತೆ ಗಂಟಲು ಸರಿಮಾಡಿಕೊಂಡರು. ಐಬಿನ ಸಮಯ.

"ಬಂದಾಗ ಎಡಚ ಇದ್ದ. ಈಗ ಪೂರಾ ತಪ್ಪಿಸೇನಿ ಅಂತ ಹೇಳು."

ನಾನು ಬಾಯಿ ಮುಚ್ಚಿಕೊಂಡೆ. ಆದರೆ ಮಗಳಿಗೆ ಅಜ್ಜಿಯ ಮಾತು ಅನುವಾದಿಸುವುದು ಅಷ್ಟರಲ್ಲಿ ಅಭ್ಯಾಸವಾಗಿ ಹೋಗಿತ್ತು. ಅವಳು ಹೇಳಿಯೇಬಿಟ್ಟಳು. ಹೇಳಿದ ಮೇಲೆ ಬಾಯಿಗೆ ಕೈ ಇಟ್ಟುಕೊಂಡಳು.

ಸ್ಕೌಟ್ ಕೈಯ ಚಮಚ ಅಲ್ಲೇ ನಿಂತಿತು. ಅದೇ ಹೊತ್ತಿಗೆ, ಕರೆದರು ಅಂದುಕೊಂಡು, ಹುಡುಗ ಬಲಗೈಯಲ್ಲಿ ಕಾಫಿಯ ತಟ್ಟೆ ಹಿಡಿದು ಬಂದ. ಕಪ್ಪಿಗಿಂತ ತಟ್ಟೆಯಲ್ಲೇ ಹೆಚ್ಚು ಕಾಫಿ ಇತ್ತು. ಎಡಗೈ ಶಿಸ್ತಾಗಿ ಬೆನ್ನ ಹಿಂದೆ ಇತ್ತು.

ಸ್ಕೌಟ್ ಚಮಚ ಕೆಳಗಿಟ್ಟರು. ದನಿ ಮೆತ್ತಗಾಯಿತು. "ಮಗನೇ, ಈ ಕೆಲಸದಲ್ಲಿ ನನ್ನ ಕೂದಲು ಬೆಳ್ಳಗಾಗಿದೆ. ನನ್ನ ಹತ್ತಿರ ಮುಚ್ಚಿಡಬೇಡ. ಎಡಗೈಗೆ ಏನಾಗಿದೆ?"

"ಏನೂ ಆಗಿಲ್ಲ, ಸರ್. ಅಜ್ಜಿ."

"ಅಜ್ಜಿ ಅಂದರೆ ಯಾವ ಲಿಗಮೆಂಟು?"

ಹುಡುಗ ಬಲಗೈಯಿಂದ ಅತ್ತೆಯನ್ನು ತೋರಿಸಿದ.

ಈಡುಗಾಯಿ

ನಾನು ಸ್ಕೌಟ್‌ಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಊಟ, ಬಲಗೈ, ತೀರ್ಥ, ಆಟೋಗ್ರಾಫು. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ಮ್ಯಾಮ್, ಕೈ ನೋವು ಮುಚ್ಚಿಡಲು ಹುಡುಗರು ನನಗೆ ಏನೇನೋ ಹೇಳಿದ್ದಾರೆ. ನಾಯಿ ಎಳೆಯಿತು ಅಂದಿದ್ದಾರೆ. ಟ್ರ್ಯಾಕ್ಟರ್ ಒದೆಯಿತು ಅಂದಿದ್ದಾರೆ. ಅಜ್ಜಿಯ ಮೇಲೆ ಹಾಕಿದ್ದು ಇದೇ ಮೊದಲು." ಎದ್ದು ಹ್ಯಾಟು ಹಾಕಿಕೊಂಡರು.

"ಏನಂತ? ಒಪ್ಪಿದ್ರೇನು?" ಎಂದರು ಅತ್ತೆ.

ನಾನು ಕೇಳಿದೆ. ಸ್ಕೌಟ್, "ಹೋಗಿ ತಿಳಿಸುತ್ತೇನೆ" ಎಂದರು.

ಅದನ್ನು ಅನುವಾದಿಸುವ ಅಗತ್ಯವೇ ಇರಲಿಲ್ಲ. ಉಪ್ಪಿಟ್ಟು ತಿಂದು ಎದ್ದು, ಬಾಗಿಲ ಕಡೆ ನೋಡುತ್ತ ಯಾವ ಭಾಷೆಯಲ್ಲಿ ಹೇಳಿದರೂ ಆ ಮಾತಿಗೆ ಒಂದೇ ಅರ್ಥ. ಅತ್ತೆಯ ಮುಖ ಇಳಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹುಡುಗ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅಷ್ಟೆತ್ತರದವನು ಹಠಾತ್ತನೆ ನನ್ನ ಮಗಳಷ್ಟೇ ಎತ್ತರ ಕಂಡ.

ಒಂದು ನಿಮಿಷ ಅಷ್ಟೇ. ಅತ್ತೆ ಸೀದಾ ಒಳಗೆ ಹೋಗಿ ದೇವರ ಮುಂದಿದ್ದ ತೆಂಗಿನಕಾಯಿ ಹಿಡಿದು ಬಂದರು. "ವಿಘ್ನ ಅದ. ಈಡುಗಾಯಿ ಒಡೀಬೇಕು. ತಮ್ಮಾ, ಬಾ ಹೊರಗ."

ನಮ್ಮ ಡ್ರೈವ್‌ವೇ ತುದಿಯಲ್ಲಿ, ಅಂಚೆಪೆಟ್ಟಿಗೆಯ ಪಕ್ಕ, ಹಿಂದಿನ ಮಾಲೀಕರು ಅಂದಕ್ಕೆಂದು ಒಂದು ದೊಡ್ಡ ಬಂಡೆ ಇಡಿಸಿದ್ದರು. ಅತ್ತೆ ಬಂದ ವಾರದಲ್ಲೇ ಅದಕ್ಕೆ ಕುಂಕುಮ ಬಿದ್ದಿತ್ತು. ಸ್ಕೌಟ್‌ನ ಕಾರು ಸರಿಯಾಗಿ ಅದರ ಆಚೆ ನಿಂತಿತ್ತು, ಹಾಗಾಗಿ ಅವರೂ ನಮ್ಮ ಮೆರವಣಿಗೆಯಲ್ಲೇ ಬರಬೇಕಾಯಿತು. ಮಗಳು ಹುಡುಗನಿಗೆ ಹೇಳಿಕೊಟ್ಟಳು: ಗಣಪತಿಯನ್ನು ನೆನೆದುಕೊಂಡು ಕಾಯನ್ನು ಬಂಡೆಗೆ ಬೀಸಿ ಹೊಡೀಬೇಕು. ಒಂದೇ ಏಟಿಗೆ ಚೂರಾಗಬೇಕು. ಎಷ್ಟು ಚೂರಾದರೆ ಅಷ್ಟು ಒಳ್ಳೇದು.

ಹುಡುಗ ಬಲಗೈಯಲ್ಲಿ ಕಾಯಿ ಹಿಡಿದು ಎಸೆದ. ಕಾಯಿ ಬಂಡೆಗೆ ಟಕ್ ಎಂದು ತಾಗಿ, ಹಾಗೇ ಇಡಿಯಾಗಿ ಉರುಳಿಕೊಂಡು ಎದುರು ಮನೆಯವರ ಹುಲ್ಲಿನ ಮೇಲೆ ಹೋಗಿ ನಿಂತಿತು. ಅವರ ನಾಯಿ ಎದ್ದು ಬಂದು ಮೂಸಿ, ಏನೂ ಹೇಳದೆ ವಾಪಸು ಹೋಯಿತು.

ಮಗಳು ತಂದುಕೊಟ್ಟಳು. ಎರಡನೇ ಸಲ ಕಾಯಿ ಬಂಡೆಯನ್ನೇ ಬಿಟ್ಟು ಅಂಚೆಪೆಟ್ಟಿಗೆಗೆ ಬಡಿಯಿತು. ಪೆಟ್ಟಿಗೆ ಬಾಗಿತು. ಕಾಯಿಗೆ ಏನೂ ಆಗಲಿಲ್ಲ.

ಒಡೆಯದ ಈಡುಗಾಯಿ ಅಂದರೆ ಎಂಥ ಅಪಶಕುನ ಅಂತ ಗೊತ್ತಿದ್ದವರು ಅಲ್ಲಿ ಮೂರೇ ಜನ: ಅತ್ತೆ, ನಮ್ಮವರು, ನಾನು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಕಣ್ಣು ಮುಚ್ಚಿ ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಕಣ್ಣು ಬಿಟ್ಟು, ಇಡೀ ಬೇಸಿಗೆಯಲ್ಲಿ ಅವರ ಬಾಯಿಂದ ಬರಬಹುದು ಅಂತ ನಾನು ಊಹಿಸದೇ ಇದ್ದ ಮಾತು ಹೇಳಿದರು.

"ಎಡಗೈಲೆ ಒಗಿ."

"ಅಜ್ಜಿ, ಆರ್ ಯೂ ಶೂರ್?"

"ಗಣಪ್ಪಗ ನಾ ಹೇಳಿಕೋತೀನಿ. ಅವಂಗೂ ಒಂದು ಹಲ್ಲು ಮುರದದ. ಐಬು ಇದ್ದವರ ಕಷ್ಟ ಅವಂಗ ತಿಳೀತದ."

ಹುಡುಗ ಕಾಯನ್ನು ಎಡಗೈಗೆ ತೆಗೆದುಕೊಂಡ. ಇಂಡಿಯನ್ ಸ್ಟೋರಿನ ಸಣ್ಣ ಕಾಯಿ. ಅವನ ಅಂಗೈಯಲ್ಲಿ ಇನ್ನೂ ಸಣ್ಣದಾಗಿ ಕಂಡಿತು. ಬೆರಳುಗಳು ತಾವಾಗಿ ಅದರ ಜುಟ್ಟನ್ನು ಹುಡುಕಿ ಹಿಡಿದವು. ಅವನು ಹಿಂದೆ ಹಿಂದೆ ಸರಿಯುತ್ತ ಗ್ಯಾರೇಜಿನ ಬಾಗಿಲವರೆಗೆ ಹೋದ. ಆಗ ಸ್ಕೌಟ್‌ಗೆ ಏನು ನಡೆಯಲಿದೆ ಅಂತ ಹೊಳೆಯಿತು.

"ಏಯ್! ಬೇಡ! ಆ ಕೈಯಲ್ಲಿ ಬೇಡ! ಅಷ್ಟು ಭಾರದ್ದು! ಭುಜ! ಮೊಣಕೈ!" ಹ್ಯಾಟು ಕೈಯಲ್ಲಿ ಹಿಡಿದು ಅಡ್ಡ ಓಡಿದರು. ಆಮೇಲೆ ಅಡ್ಡ ನಿಂತರೆ ತಮ್ಮ ಗತಿ ಏನಾಗುತ್ತದೆ ಅಂತಲೂ ಹೊಳೆದು ಅಷ್ಟೇ ವೇಗದಲ್ಲಿ ಪಕ್ಕಕ್ಕೆ ಓಡಿದರು.

"ಏನಂತಾನ?" ಎಂದರು ಅತ್ತೆ.

"ಆ ಕೈಗೆ ಏನಾದರೂ ಆದೀತು ಅಂತಿದ್ದಾರೆ, ಅತ್ತೆ."

ಅತ್ತೆಯ ಮುಖ ಅರಳಿತು. "ಕೈ ಮ್ಯಾಲೆ ಇಷ್ಟು ಕಾಳಜಿ ಅಂದ್ರ ಒಪ್ಪಿದಂಗ. ಒಗಿ ತಮ್ಮಾ!"

ಕಾಲು ಮೇಲೆದ್ದಿತು, ತೋಳು ಹಿಂದೆ ಹೋಯಿತು, ಮುಂದಿನದು ನನಗೆ ಕಾಣಲಿಲ್ಲ. ಕೇಳಿಸಿತು ಅಷ್ಟೇ. ಪಟಾಕಿ ಹೊಡೆದ ಹಾಗೆ ಒಂದು ಶಬ್ದ, ಆಮೇಲೆ ಬಂಡೆಯ ಮೇಲೆ ಒದ್ದೆ ಗುರುತು ಬಿಟ್ಟರೆ ಕಾಯಿ ಅನ್ನುವುದೇ ಇಲ್ಲ. ಚೂರುಗಳು ಹೈಡ್ರೇಂಜಾ ಗಿಡದಲ್ಲಿ, ಅಂಚೆಪೆಟ್ಟಿಗೆಯ ಒಳಗೆ, ಎದುರು ಮನೆಯ ನಾಯಿಯ ಬಾಯಲ್ಲಿ. ಕಾಯಿನೀರು ಪೂರ್ತಿ ಸ್ಕೌಟ್‌ನ ಅಂಗಿಯ ಮೇಲೆ. ನಮ್ಮವರು ಚಪ್ಪಾಳೆ ತಟ್ಟಿ, "ಬೋಲ್ಡ್!" ಎಂದು ಕೂಗಿದರು.

ಸ್ಕೌಟ್ ಮುಖ ಒರೆಸಿಕೊಂಡರು. ಹುಡುಗನ ಹತ್ತಿರ ಹೋಗಿ ಎಡಗೈಯನ್ನು ಮಡಚಿ, ಬಿಡಿಸಿ, ಒತ್ತಿ, ತಿರುಗಿಸಿ ನೋಡಿದರು. "ನೋವಿದೆಯಾ?"

"ಇಲ್ಲ, ಸರ್."

ಅವರು ಸೀದಾ ಕಾರಿಗೆ ಹೋಗಿ, ವೇಗ ಅಳೆಯುವ ಗನ್ ತಂದು, ಬಂಡೆಯ ಹಿಂದೆ ಜಾಗ ನೋಡಿಕೊಂಡು ಕೂತರು. ಅತ್ತೆಯ ಕಡೆ ತಿರುಗಿ, ತುಂಬಾ ವಿನಯದಿಂದ, "ಮ್ಯಾಮ್, ಇನ್ನೊಂದು ಕಾಯಿ ಇದೆಯಾ?" ಎಂದರು.

"ಅದ," ಎಂದರು ಅತ್ತೆ. "ನಾಳೆ ಚಟ್ನಿಗೆ ಬೇಕು."

ಕೊನೆಗೆ ಹುಡುಗನ ಚೆಂಡಿನಲ್ಲೇ ಆ ಕೆಲಸ ಮುಗಿಯಿತು. ಗನ್ನಿನಲ್ಲಿ ಏನು ಬಂತೋ ನಮಗೆ ತೋರಿಸಲಿಲ್ಲ. ಆದರೆ ಹೊರಡುವಾಗ ಅತ್ತೆಯ ಹತ್ತಿರ ಬಂದು, ಎರಡೂ ಕೈ ಜೋಡಿಸಿ, ಉಳಿದ ಶಿರಾ ಕಟ್ಟಿಸಿಕೊಂಡು ಹೋದರು.

ಮುಂದಿನ ವಸಂತದಲ್ಲಿ ಆ ಸಣ್ಣ ಕಾಲೇಜಿನ ಮೈದಾನಕ್ಕೆ ಹ್ಯಾಟುಗಳು ಬರಲು ಶುರುವಾದವು ಅಂತ ಹುಡುಗ ಫೋನಿನಲ್ಲಿ ಹೇಳಿದ. ಜೂನ್‌ನಲ್ಲಿ ಡ್ರಾಫ್ಟಿನ ದಿನ ಮಗಳು ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಹೆಸರುಗಳು ಹೋಗುತ್ತ ಹೋದವು, ಹೋಗುತ್ತ ಹೋದವು, ಇನ್ನು ಇಲ್ಲ ಅಂದುಕೊಂಡು ನಾನು ಅಡುಗೆಮನೆಗೆ ಎದ್ದು ಹೋದಾಗ ಅವಳು ಕಿರುಚಿದ ಕಿರುಚಿಗೆ ಎದುರು ಮನೆಯ ನಾಯಿ ಬೊಗಳಿತು. ಧಾರವಾಡಕ್ಕೆ ಫೋನ್ ಮಾಡಿದರೆ ಅತ್ತೆ, "ನಾ ಆವತ್ತೇ ಹೇಳಿದ್ದೆನಲ್ಲ, ಒಪ್ಪ್ಯಾರಂತ" ಎಂದರು, ನಮಗೇ ಸುದ್ದಿ ತಡವಾಗಿ ತಲುಪಿತು ಅನ್ನುವ ಹಾಗೆ.

ವಾರದ ಮೇಲೆ ಹುಡುಗ ಫೋನ್ ಮಾಡಿದ. ದನಿಯಲ್ಲಿ ಸ್ವಲ್ಪ ಅಳುಕಿತ್ತು. ಒಪ್ಪಂದಕ್ಕೆ ಸಹಿ ಹಾಕಲು ಹೋದನಂತೆ. ಅಷ್ಟು ದೊಡ್ಡ ಶುಭಕಾರ್ಯ, ಅಜ್ಜಿ ಇದ್ದಿದ್ದರೆ ಏನು ಹೇಳುತ್ತಿದ್ದರು ಅಂತ ನೆನೆಸಿಕೊಂಡು, ಪೆನ್ನನ್ನು ಬಲಗೈಗೆ ತೆಗೆದುಕೊಂಡನಂತೆ. ಕಾಗೆ ಕಾಲು ಗೀರಿದಂಥ ಆ ಸಹಿ ನೋಡಿ ಆಫೀಸಿನವರು ಗಾಬರಿಯಾಗಿ ಡಾಕ್ಟರನ್ನೇ ಕರೆಸಿದರಂತೆ. ಎಡಗೈ ಹುಡುಗ ಅಂತ ಆರಿಸಿದ್ದೇವೆ, ಇವನು ಬಲಗೈಯಲ್ಲಿ ಬರೆಯುತ್ತಿದ್ದಾನೆ, ಆ ಎಡಗೈಗೆ ಏನಾಗಿದೆ ಅಂತ.

"ಅಯ್ಯೋ! ಆಮೇಲೆ?"

"ಏನಿಲ್ಲ, ಮ್ಯಾಮ್. ನಮ್ಮ ಸ್ಕೌಟ್ ಪಕ್ಕದಲ್ಲೇ ಇದ್ದರು. ಡಾಕ್ಟರನ್ನು ಬಾಗಿಲಲ್ಲೇ ತಡೆದು, ಏನೂ ಆಗಿಲ್ಲ, ಅದು ಅಜ್ಜಿ ಅಂದರು."

"ಡಾಕ್ಟರ್ ಸುಮ್ಮನಾದರಾ?"

"ಇಲ್ಲ, ಮ್ಯಾಮ್. ಅದು ಎಷ್ಟು ದಿನದಲ್ಲಿ ವಾಸಿಯಾಗುತ್ತೆ ಅಂತ ಕೇಳಿದರು. ಸ್ಕೌಟ್ ಹೇಳಿದರು, ಅಜ್ಜಿ ವಾಸಿಯಾಗಲ್ಲ."